ಮೇ ತಿಂಗಳ ಕಣ್ಣು

ತಂಗಿಯ ಮಗ ಓಝರ್‌ಗೆ ಬಂದಿಳಿದದ್ದು 2025ರ ಏಪ್ರಿಲ್ ಕೊನೆಯ ವಾರ. ನಾಲ್ಕು ದಿನ ಇದ್ದು ಹೋಗುತ್ತೇನೆ ಅಂದಿದ್ದ. ಬಂದಾಗ ನೋಡಿದರೆ ಎರಡು ದೊಡ್ಡ ಸೂಟ್‌ಕೇಸು, ಬೆನ್ನಿಗೆ ಲ್ಯಾಪ್‌ಟಾಪ್ ಚೀಲ, ಬಗಲಲ್ಲಿ ಒಂದು ಮಿಕ್ಸರ್. ನಾಲ್ಕು ದಿನಕ್ಕೆಂದು ಬರುವವರು ಮಿಕ್ಸರ್ ಹೊತ್ತು ತರುವುದಿಲ್ಲ. ನಾನೂ ನನ್ನ ಹೆಂಡತಿಯೂ ಮುಖ ಮುಖ ನೋಡಿಕೊಂಡೆವು, ಏನೂ ಕೇಳಲಿಲ್ಲ. ರಾತ್ರಿ ರೊಟ್ಟಿ ಮುರಿಯುತ್ತ ಅವನೇ ಹೇಳಿದ. ಪುಣೆಯ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಆರು ವರ್ಷ ದುಡಿದಿದ್ದ. ಒಂದು ಬೆಳಿಗ್ಗೆ ಹದಿನೈದು ನಿಮಿಷದ ವಿಡಿಯೊ ಕರೆ ಬಂತು. ಮಧ್ಯಾಹ್ನದ ಹೊತ್ತಿಗೆ ಅವನ ಪಾಸ್‌ವರ್ಡ್ ನಡೆಯಲಿಲ್ಲ. ಮೂರು ತಿಂಗಳ ಸಂಬಳ ಕೈಗಿಟ್ಟಿದ್ದರು. ಜೊತೆಗೊಂದು ಮೇಲ್, ಅದರಲ್ಲಿ ಹದ್ದಿನ ಕಥೆ.

ಆ ಹದ್ದಿನ ಕಥೆ ನಿಮ್ಮ ಫೋನಿಗೂ ಬಂದಿರಲೇಬೇಕು. ಹದ್ದಿಗೆ ನಲವತ್ತು ವರ್ಷವಾದಾಗ ಕೊಕ್ಕು ಡೊಂಕಾಗುತ್ತದಂತೆ, ಉಗುರು ಮೊಂಡಾಗುತ್ತವಂತೆ. ಆಗ ಅದು ಬೆಟ್ಟದ ತುದಿಗೆ ಹೋಗಿ ಕೊಕ್ಕನ್ನು ಬಂಡೆಗೆ ಕುಟ್ಟಿ ಕಿತ್ತುಕೊಂಡು, ಹೊಸ ಕೊಕ್ಕು ಬಂದ ಮೇಲೆ ಹಳೆಯ ಗರಿಗಳನ್ನೆಲ್ಲ ಕಿತ್ತು, ಇನ್ನೂ ಮೂವತ್ತು ವರ್ಷ ಬಾಳುತ್ತದಂತೆ. ಶುದ್ಧ ಸುಳ್ಳು. ಕೊಕ್ಕಿಲ್ಲದ ಹದ್ದು ಹಸಿದು ಸಾಯುತ್ತದೆ. ಕೊಕ್ಕು, ಉಗುರು ಅದರ ಜೀವಮಾನವಿಡೀ ಬೆಳೆಯುತ್ತ, ಸವೆಯುತ್ತ ಇರುತ್ತವೆ; ಗರಿಗಳು ಒಂದೊಂದಾಗಿ ಉದುರಿ ಹೊಸದಾಗುತ್ತವೆ. ಹಾಗಲ್ಲದಿದ್ದರೆ ಹಾರುವುದು ಹೇಗೆ, ತಿನ್ನುವುದು ಏನು? ನಿಸರ್ಗದಿಂದ ಪಾಠ ಕಲಿಯಿರಿ ಎಂದು ಹೇಳುವವರಲ್ಲಿ ಬಹಳ ಮಂದಿ ನಿಸರ್ಗವನ್ನು ನೋಡಿದವರೇ ಅಲ್ಲ ಎಂಬುದು ನನ್ನ ಬಹುದಿನದ ಗುಮಾನಿ.

ನಾನು ಹುಟ್ಟಿದ್ದು ವಿಜಯಪುರದ ಪಕ್ಕ ಟಿಕೋಟಾದ ಕಡೆ. 1986ರಲ್ಲಿ ಡಿಪ್ಲೊಮಾ ಮುಗಿಸಿ ಓಝರ್‌ನ ಎಚ್‌ಎಎಲ್ ಸೇರಿ, ಟೂಲ್ ರೂಮಿನಲ್ಲಿ ಜಿಗ್ಗು, ಫಿಕ್ಸ್ಚರುಗಳ ನಡುವೆ ಕೂದಲು ಬೆಳ್ಳಗಾಗಿಸಿಕೊಂಡು, ನಿವೃತ್ತಿಯಾದ ಮೇಲೂ ಇಲ್ಲೇ ಉಳಿದವನು. ನಾಸಿಕ್‌ನಿಂದ ಆಗ್ರಾ ರಸ್ತೆಯಲ್ಲಿ ಇಪ್ಪತ್ತು ಕಿಲೋಮೀಟರ್ ಬಂದರೆ ನಮ್ಮೂರು. ಒಂದು ಕಡೆ ವಿಮಾನದ ಕಾರ್ಖಾನೆ, ಅದರ ಓಡುದಾರಿ. ಬೇಲಿ ದಾಟಿದರೆ ದ್ರಾಕ್ಷಿ. ನಿಫಾಡ್ ತಾಲೂಕಿನ ಈ ಕರಿಮಣ್ಣಿನಲ್ಲಿ ದ್ರಾಕ್ಷಿ, ಈರುಳ್ಳಿ, ಟೊಮೆಟೊ ಬಿಟ್ಟರೆ ಮಾತೇ ಇಲ್ಲ. ಟಿಕೋಟಾದಲ್ಲಿ ದ್ರಾಕ್ಷಿ ನೋಡಿ ಬೆಳೆದವನಿಗೆ ಇಲ್ಲಿಯೂ ಅದೇ ಚಪ್ಪರ ಸಿಕ್ಕಿತು. ‘ಚಾಟ್ನಿ’ ಎಂಬ ಮಾತು ಕೂಡ ಅಲ್ಲಿ ಇಲ್ಲಿ ಒಂದೇ. ಅಂದರೆ ಬಳ್ಳಿ ಕತ್ತರಿಸುವುದು.

ಮರುದಿನ ಬೆಳಿಗ್ಗೆ ಅವನನ್ನು ಮನೆಯ ಹಿಂದಿನ ತೋಟಕ್ಕೆ ಕರೆದುಕೊಂಡು ಹೋದೆ. ಎರಡೆಕರೆ, ಯಜಮಾನನನ್ನು ನಾವು ಭಾವು ಎನ್ನುತ್ತೇವೆ. ಖರಡ್ ಚಾಟ್ನಿ, ಅಂದರೆ ಏಪ್ರಿಲ್‌ನ ಕತ್ತರಿ, ಮುಗಿದು ವಾರವಾಗಿತ್ತು. ಹಸಿರೆಂಬುದಿಲ್ಲ. ತಂತಿಗೆ ಕಟ್ಟಿದ ಕಪ್ಪು ಕೈಗಳಂಥ ಕೊರಡುಗಳು, ಕೆಳಗೆ ಕತ್ತರಿಸಿ ಚೆಲ್ಲಿದ ಕಡ್ಡಿಗಳ ರಾಶಿ, ಮೇಲೆ ನಲವತ್ತರ ಬಿಸಿಲು.

“ಮಾಮಾ, ತೋಟ ಸತ್ತ ಹೋಗ್ಯದಲ್ಲ?”

ಅವನ ಮುಖ ನೋಡಿದರೆ ತನ್ನದೇ ಫೋಟೊ ನೋಡಿದ ಹಾಗಿತ್ತು. ನಾನು ನಕ್ಕೆ, ಭಾವು ನಗಲಿಲ್ಲ. ಬಗ್ಗಿ ಒಂದು ಕೊರಡಿನ ಮೇಲಿನ ಗುಬುಟು ತೋರಿಸಿ, “ಡೋಳಾ” ಅಂದ. ಮರಾಠಿಯಲ್ಲಿ ಡೋಳಾ ಅಂದರೆ ಕಣ್ಣು. ನಾವೂ ಕಬ್ಬಿನ, ದ್ರಾಕ್ಷಿಯ ಮೊಗ್ಗಿಗೆ ಕಣ್ಣು ಎಂದೇ ಹೇಳುತ್ತೇವೆ. ಮುಂದಿನ ಫೆಬ್ರವರಿಯ ಹಣ್ಣು ಈ ಕಣ್ಣುಗಳಿಂದಲೇ ಹೊರಟುಬರಬೇಕು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಯುರೋಪಿನಲ್ಲಿ ದ್ರಾಕ್ಷಿ ಬಳ್ಳಿ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುತ್ತದೆ, ವಸಂತದಲ್ಲಿ ತಾನೇ ಏಳುತ್ತದೆ. ನಮ್ಮ ಸೀಮೆಯಲ್ಲಿ ಅಂಥ ಚಳಿಯಿಲ್ಲ. ಬಿಟ್ಟರೆ ವರ್ಷವಿಡೀ ಹಸಿರಾಗಿಯೇ ಹಬ್ಬಿಕೊಂಡು ಹೋಗುತ್ತದೆ, ಹಣ್ಣು ಮಾತ್ರ ಅಷ್ಟಕ್ಕಷ್ಟೇ. ಅದಕ್ಕೆ ಇಲ್ಲಿ ವರ್ಷಕ್ಕೆ ಎರಡು ಸಲ ಕತ್ತರಿ. ಏಪ್ರಿಲ್‌ನ ಕತ್ತರಿ ಬುಡದ ತನಕ ಬರುತ್ತದೆ. ಒಂದೋ ಎರಡೋ ಕಣ್ಣು ಉಳಿಸಿ ಉಳಿದದ್ದನ್ನೆಲ್ಲ ತೆಗೆಯುತ್ತಾರೆ. ಆಗ ಬರುವ ಚಿಗುರಿನಿಂದ ಹಣ್ಣು ಕೊಯ್ಯುವುದಿಲ್ಲ. ಆ ಚಿಗುರು ಬೇಸಿಗೆ, ಮಳೆಗಾಲ ಪೂರ್ತಿ ಬಲಿತು ಕಡ್ಡಿಯಾಗಬೇಕು. ಅಕ್ಟೋಬರ್ ಆಸುಪಾಸಿನಲ್ಲಿ ಎರಡನೆಯ ಕತ್ತರಿ, ಆ ಬಲಿತ ಕಡ್ಡಿಯ ಮೇಲೆ. ಅದರಿಂದ ಹೂ, ಗೊಂಚಲು, ಜನವರಿಯಿಂದ ಏಪ್ರಿಲ್‌ವರೆಗೆ ಕೊಯ್ಲು.

ಪೇಟೆಯವರಿಗೆ ದ್ರಾಕ್ಷಿ ಅಂದರೆ ಫೆಬ್ರವರಿ. ಬೆಳೆಗಾರನನ್ನು ಕೇಳಿದರೆ ಮೇ ಎನ್ನುತ್ತಾನೆ. ಏಪ್ರಿಲ್ ಕತ್ತರಿಯಾದ ಮೇಲೆ ಸುಮಾರು ನಲವತ್ತರಿಂದ ಅರವತ್ತು ದಿನದೊಳಗೆ, ಹೊಸ ಚಿಗುರಿನ ಪ್ರತಿ ಎಲೆಯ ಬುಡದ ಕಣ್ಣಿನೊಳಗೆ, ಬರಿಗಣ್ಣಿಗೆ ಕಾಣದ ಒಂದು ಮಿದು ಗಂಟು ಮೂಡುತ್ತದೆ. ಅದು ಗೊಂಚಲೂ ಅಲ್ಲ, ಸುರುಳಿಕುಡಿಯೂ ಅಲ್ಲ. ಸುರುಳಿಕುಡಿ ಅಂದರೆ ಬಳ್ಳಿ ಆಸರೆಗೆ ತಂತಿಯನ್ನು ಸುತ್ತಿಕೊಳ್ಳುವ ಎಳೆ. ಬಿಸಿಲು ಚೆನ್ನಾಗಿ ಬಿದ್ದು, ಬಳ್ಳಿ ಮಿತವಾಗಿ ಬೆಳೆದು, ಒಡಲಲ್ಲಿ ಕೂಡಿಟ್ಟ ಅನ್ನ ಸಾಕಷ್ಟಿದ್ದರೆ ಆ ಗಂಟು ಗೊಂಚಲಾಗುತ್ತದೆ. ಮೋಡ ಮುಸುಕಿ, ನೀರೂ ಸಾರಜನಕವೂ ಹೆಚ್ಚಾಗಿ, ಬಳ್ಳಿ ಸೊಕ್ಕಿ ಬರೀ ಉದ್ದಕ್ಕೆ ಓಡಿದರೆ ಅದೇ ಗಂಟು ಸುರುಳಿಕುಡಿಯಾಗುತ್ತದೆ. ಗೊಂಚಲಿನ ದಂಟನ್ನು ಗಮನಿಸಿ ನೋಡಿ, ಕೆಲವೊಮ್ಮೆ ಅದರ ಒಂದು ಕವಲು ಕುಡಿಯಾಗಿ ಸುತ್ತಿಕೊಂಡಿರುತ್ತದೆ. ಅರ್ಧ ಮನಸ್ಸು ಬದಲಿಸಿದ ಗುರುತು.

ಆದ್ದರಿಂದ ಮೇ ತಿಂಗಳಲ್ಲಿ ರೈತ ಮಾಡುವ ಕೆಲಸ ನೋಡುವವರಿಗೆ ವಿಚಿತ್ರವಾಗಿ ಕಾಣುತ್ತದೆ. ಚಿಗುರು ಜೋರಾಗಿ ಬರುತ್ತಿರುವಾಗಲೇ ಏಳನೆಯ ಎಲೆಯ ಹತ್ತಿರ ತುದಿ ಚಿವುಟುತ್ತಾನೆ. ಪಕ್ಕದ ಕವಲನ್ನು ಬೆಳೆಸುತ್ತಾನೆ. ಅದಕ್ಕೆ ಸಬ್‌ಕೇನ್ ಎನ್ನುತ್ತಾರೆ. ನೀರು ತುಸು ಬಿಗಿ ಹಿಡಿಯುತ್ತಾನೆ. ಎಲೆ ಒಂದರ ಮೇಲೊಂದು ಬಿದ್ದು ನೆರಳಾಗದಂತೆ ಕಡ್ಡಿಗಳನ್ನು ಬಿಡಿಬಿಡಿಯಾಗಿ ಕಟ್ಟುತ್ತಾನೆ. ನಮ್ಮ ಹುಡುಗ ಇದನ್ನೆಲ್ಲ ಕೇಳುತ್ತ ಕೇಳುತ್ತ, “ಕೆಲಸ ಇಲ್ಲದಾಗ ಬೆಳೆಯೋಕ್ಕಿಂತ ನಿಲ್ಲೋದ ಮುಖ್ಯ ಅಂತೀರೇನು?” ಎಂದ. ಹಾಗೆ ಒಂದೇ ಸಾಲಿನಲ್ಲಿ ಹೇಳಿದರೆ ಹದ್ದಿನ ಕಥೆಯಂತೆಯೇ ಆಗುತ್ತದಲ್ಲ ಎಂದು ನಾನು ಉತ್ತರ ಕೊಡಲಿಲ್ಲ. ಆದರೆ ಬಂದ ಮೇಲಿನ ಎರಡು ವಾರದಲ್ಲಿ ಅವನು ಏನು ಮಾಡುತ್ತಿದ್ದ ಎಂಬುದು ನನಗೆ ಗೊತ್ತಿತ್ತು. ರಾತ್ರಿ ಎರಡರವರೆಗೆ ಕೂತು ದಿನಕ್ಕೆ ನಲವತ್ತು ಕಡೆ ಅರ್ಜಿ ಹಾಕುತ್ತಿದ್ದ. ಮೂರು ಬೇರೆ ಬೇರೆ ಆನ್‌ಲೈನ್ ಕೋರ್ಸಿಗೆ ದುಡ್ಡು ಕಟ್ಟಿದ್ದ. ಬಳ್ಳಿ ಉದ್ದಕ್ಕೆ ಓಡುತ್ತಿತ್ತು.

ಓಡುವ ಬಳ್ಳಿಯನ್ನು ತಡೆಯಲು ಒಂದು ಔಷಧವೂ ಇತ್ತು. ಕ್ಲೋರ್‌ಮೆಕ್ವಾಟ್; ಇಲ್ಲಿಯವರ ಬಾಯಲ್ಲಿ ಸಿಸಿಸಿ, ಅಥವಾ ಲಿಹೋಸಿನ್. ಹೊಡೆದರೆ ಗಿಣ್ಣು ಗಿಡ್ಡವಾಗುತ್ತದೆ, ಗೊಂಚಲು ಕಟ್ಟುವುದು ಸುಲಭವಾಗುತ್ತದೆ. ವರ್ಷಗಟ್ಟಲೆ ಎಲ್ಲರೂ ಹೊಡೆದರು. 2010ರಲ್ಲಿ ಯುರೋಪಿಗೆ ಹೋದ ನಮ್ಮ ದ್ರಾಕ್ಷಿಯಲ್ಲಿ ಅದರ ಅಂಶ ಸಿಕ್ಕಿತು. ಬೇಸಿಗೆಯಲ್ಲಿ ಕಡ್ಡಿಗೆ ಹೊಡೆದದ್ದು ಮುಂದಿನ ವರ್ಷದ ಹಣ್ಣಿನಲ್ಲಿ ತೋರಿತು. ಕಂಟೇನರುಗಳು ಅಲ್ಲಿಯ ಬಂದರುಗಳಲ್ಲಿ ನಿಂತವು, ಬೆಳೆಗಾರರು ಸಾಲದಲ್ಲಿ ಮುಳುಗಿದರು. ಇಲ್ಲೇ ಪಕ್ಕದ ಮೋಹಾಡಿಯಲ್ಲಿ ವಿಲಾಸ್ ಶಿಂದೆಯವರು ಕಟ್ಟಿದ ಸಹ್ಯಾದ್ರಿ ಫಾರ್ಮ್ಸ್ ಎಂಬ ರೈತರ ಕಂಪನಿ ತಲೆಯೆತ್ತಿದ್ದು ಆ ಬಿಕ್ಕಟ್ಟಿನ ಬೆನ್ನಿಗೇ. ಇವತ್ತು ಅದು ದೇಶದ ದೊಡ್ಡ ದ್ರಾಕ್ಷಿ ರಫ್ತುದಾರರಲ್ಲಿ ಒಂದು. ಎಲ್ಲರೂ ಒಂದೇ ಔಷಧ ಹೊಡೆಯುತ್ತಿದ್ದಾರೆ ಎಂಬುದು ಅದು ಸರಿ ಎನ್ನುವುದಕ್ಕೆ ಸಾಕ್ಷಿಯಲ್ಲ ಎಂದು ಆಗ ಈ ಸೀಮೆಗೆ ದುಬಾರಿ ಫೀಸು ಕಟ್ಟಿ ಗೊತ್ತಾಯಿತು. ಹುಡುಗ ದುಡ್ಡು ಕಟ್ಟಿದ್ದ ಕೋರ್ಸುಗಳಲ್ಲಿ ಎರಡನ್ನು ಅವನ ಜೊತೆ ಕೆಲಸ ಕಳೆದುಕೊಂಡವರೆಲ್ಲ ತೆಗೆದುಕೊಂಡಿದ್ದರು.

ನನ್ನ ಬದುಕಿನಲ್ಲೂ ಒಂದು ಉದ್ದನೆಯ ಮೇ ಬಂದಿತ್ತು. ಅದನ್ನು ಹೇಳಬೇಕಾದರೆ ಕಾರ್ಖಾನೆಯ ಕಥೆ ಸ್ವಲ್ಪ ಹೇಳಬೇಕು. 1963ರಲ್ಲಿ ಯಶವಂತರಾವ್ ಚವಾಣರು ರಕ್ಷಣಾ ಮಂತ್ರಿಯಾಗಿದ್ದಾಗ ನಾಸಿಕ್‌ನಿಂದ ಅವಿರೋಧವಾಗಿ ಲೋಕಸಭೆಗೆ ಆರಿಸಿ ಬಂದರು. ಮುಂದಿನ ವರ್ಷ ಓಝರ್‌ನಲ್ಲಿ ಮಿಗ್ ಕಾರ್ಖಾನೆ. ವಿಮಾನದ ಒಡಲು ಇಲ್ಲಿ, ಎಂಜಿನ್ ಒಡಿಶಾದ ಕೋರಾಪುಟ್‌ನಲ್ಲಿ, ಎಲೆಕ್ಟ್ರಾನಿಕ್ಸ್ ಹೈದರಾಬಾದಿನಲ್ಲಿ. ಬೆಂಗಳೂರಿನ ಎಚ್‌ಎಎಲ್‌ನಿಂದ ಬಂದವರ ಜೊತೆ ಕನ್ನಡವೂ ಬಂತು. ನಾನು ಸೇರುವಾಗ ಮಿಗ್-27 ನಡೆಯುತ್ತಿತ್ತು. ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ಅದು ಮುಗಿಯಿತು. ಸುಖೋಯ್-30ರ ಮಾತು ಕಿವಿಗೆ ಬೀಳುತ್ತಿತ್ತು, ಆದರೆ ಇಲ್ಲಿ 140 ವಿಮಾನ ಮಾಡುವ ಒಪ್ಪಂದಕ್ಕೆ ಸಹಿ ಬಿದ್ದದ್ದು 2000ದ ಡಿಸೆಂಬರ್‌ನಲ್ಲಿ, ಇಲ್ಲಿಂದ ಮೊದಲನೆಯದು ವಾಯುಪಡೆಯ ಕೈ ಸೇರಿದ್ದು 2004ರಲ್ಲಿ.

ನಡುವಿನ ಆ ವರ್ಷಗಳಲ್ಲಿ ಕೆಲಸವಿರಲಿಲ್ಲ ಎಂದಲ್ಲ. ಹಳೆಯ ಮಿಗ್‌ಗಳ ಓವರ್‌ಹಾಲ್ ಇತ್ತು, ಮಿಗ್-21 ಬಿಸ್ ವಿಮಾನಗಳನ್ನು ‘ಬೈಸನ್’ ಮಾಡುವ ಕೆಲಸವಿತ್ತು. ಆದರೆ ಹೊಸ ವಿಮಾನ ಕಟ್ಟುವವನಿಗೆ ಹಳೆಯದನ್ನು ಬಿಚ್ಚುವುದು ತುಸು ಅವಮಾನವೇ. ಕ್ಯಾಂಟೀನಿನಲ್ಲಿ ದಿನಾ ಒಂದೇ ಚರ್ಚೆ: ಮುಂದೇನು? ಕೆಲವರು ಬೆಂಗಳೂರಿಗೆ ವರ್ಗ ಕೇಳಿದರು. ಬಿಚ್ಚುವ ಕೆಲಸದಲ್ಲಿ ಒಂದು ವಿಚಿತ್ರ ಲಾಭವಿತ್ತು, ಅದು ಆಮೇಲೆ ತಿಳಿದದ್ದು. ಕಟ್ಟುವಾಗ ವಿಮಾನ ಹೇಗಿರಬೇಕು ಎಂದು ನಕ್ಷೆ ಹೇಳುತ್ತದೆ. ಸಾವಿರಾರು ಗಂಟೆ ಹಾರಿ ಬಂದದ್ದನ್ನು ಬಿಚ್ಚಿದಾಗ, ಎಲ್ಲಿ ಬಿರುಕು ಬಿಡುತ್ತದೆ, ಯಾವ ರಿವೆಟ್ ಸಾಲು ಮೊದಲು ಸಡಿಲಾಗುತ್ತದೆ, ತುಕ್ಕು ಎಲ್ಲಿ ಅಡಗುತ್ತದೆ ಎಂದು ವಿಮಾನವೇ ಹೇಳುತ್ತದೆ. ಆ ದಿನಗಳಲ್ಲೇ ನಾನೊಬ್ಬ ಸಹೋದ್ಯೋಗಿಯ ಹತ್ತಿರ ರಷ್ಯನ್ ಅಕ್ಷರ ಕಲಿತೆ. ನಕ್ಷೆಗಳ ಮೂಲೆಯಲ್ಲಿ ಬರೆದ ಟಿಪ್ಪಣಿ ಓದುವಷ್ಟು. ಸುಖೋಯ್ ನಕ್ಷೆಗಳು ಬಂದಾಗ ಅನುವಾದ ಬರುವ ತನಕ ಕಾಯದೆ ಅರ್ಧ ತಿಳಿದುಕೊಳ್ಳುತ್ತಿದ್ದೆ. ರಷ್ಯನ್ ಕಲಿತದ್ದರಿಂದ ಬಡ್ತಿ ಸಿಕ್ಕಿತು ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಸಿಗಲಿಲ್ಲ. ನನ್ನ ಜೊತೆ ಕಲಿತ ಗೆಳೆಯನಿಗಂತೂ ಅದು ಒಂದು ದಿನಕ್ಕೂ ಉಪಯೋಗಕ್ಕೆ ಬರಲಿಲ್ಲ. ಅವನನ್ನು ಬೇರೆ ವಿಭಾಗಕ್ಕೆ ಹಾಕಿದ್ದರು. ಆದರೂ ಆ ನಾಲ್ಕೈದು ವರ್ಷ ನೆನೆದರೆ ನನಗೆ ಖಾಲಿ ಅನ್ನಿಸುವುದಿಲ್ಲ. ಮುಂದೆ ಇದೇ ಕಾರ್ಖಾನೆಯಿಂದ ಇನ್ನೂರಕ್ಕೂ ಹೆಚ್ಚು ಸುಖೋಯ್‌ಗಳು ಹೊರಬಿದ್ದವು.

ಇಷ್ಟನ್ನೆಲ್ಲ ಹುಡುಗನಿಗೆ ಹೇಳಿದಾಗ ಅವನು ಸರಿಯಾದ ಜಾಗಕ್ಕೇ ಚುಚ್ಚಿದ. “ನಿಮಗ ತಿಂಗಳ ತಿಂಗಳ ಪಗಾರ ಬರತಿತ್ತು ಮಾಮಾ. ಬಳ್ಳಿಗೆ ಇಎಂಐ ಇರಂಗಿಲ್ಲ.” ಒಪ್ಪಿದೆ. ನಿಸರ್ಗದ ಪಾಠಗಳೆಲ್ಲ ಎಡವುವುದು ಇಲ್ಲಿಯೇ. ಬಳ್ಳಿ ತಾನಾಗಿ ಕತ್ತರಿಗೆ ಒಪ್ಪಿಕೊಳ್ಳುವುದಿಲ್ಲ, ಯಾರೋ ಕತ್ತರಿಸುತ್ತಾರೆ. ಕತ್ತರಿಸಿದವನೇ ಗೊಬ್ಬರ ಹಾಕುತ್ತಾನೆ, ನೀರು ಬಿಡುತ್ತಾನೆ. ಕಂಪನಿ ಕತ್ತರಿಸಿ ಗೇಟಿನಾಚೆ ಬಿಟ್ಟವನಿಗೆ ಗೊಬ್ಬರ ಹಾಕುವವರು ಯಾರು? ಹಾಗಾಗಿ ಅವನನ್ನು ಭಾವೂನ ಕಾಂದಾ ಚಾಳಿಗೆ ಕರೆದುಕೊಂಡು ಹೋದೆ. ಇಎಂಐ ವಿಷಯ ಈರುಳ್ಳಿಯ ಹತ್ತಿರ ಕೇಳುವುದೇ ವಾಸಿ.

ಕಾಂದಾ ಚಾಳ್ ಎಂದರೆ ಈರುಳ್ಳಿ ಕೂಡಿಡುವ ಉದ್ದನೆಯ ಜೋಪಡಿ. ನೆಲದಿಂದ ಎರಡಡಿ ಮೇಲೆ ಅಟ್ಟ, ಪಕ್ಕಕ್ಕೆ ಬಿದಿರು ಅಥವಾ ಜಾಲರಿ, ಕೆಳಗಿನಿಂದಲೂ ಪಕ್ಕದಿಂದಲೂ ಗಾಳಿ ಆಡಬೇಕು. ಇಲ್ಲಿ ಈರುಳ್ಳಿಗೆ ಮೂರು ಹಂಗಾಮು. ಮುಂಗಾರಿನದು ಅಕ್ಟೋಬರ್-ನವೆಂಬರ್‌ಗೆ ಬರುತ್ತದೆ, ನೀರು ಹೆಚ್ಚು, ಇಟ್ಟರೆ ಮೊಳೆಯುತ್ತದೆ, ಕೊಳೆಯುತ್ತದೆ. ಬಂದ ದರಕ್ಕೆ ಮಾರಲೇಬೇಕು. ಅದರ ಹಿಂದೆ ಬರುವ ‘ರಾಂಗಡಾ’ ಕೂಡ ಬಹಳ ದಿನ ತಡೆಯದು. ಬೇಸಿಗೆಯದು, ‘ಉನ್ಹಾಳಿ’, ಮಾತ್ರ ನಾಲ್ಕೈದು ತಿಂಗಳು ಇಡಬಹುದು. ಅದೂ ಸರಿಯಾಗಿ ಒಣಗಿಸಿದರೆ. ಗಿಡದ ಕತ್ತು ತಾನಾಗಿ ಬೀಳತೊಡಗಿದಾಗ ಕಿತ್ತು, ಎಲೆಯನ್ನೇ ಹೊದಿಸಿ ಹೊಲದಲ್ಲಿ ಬಿಡುತ್ತಾರೆ. ಕತ್ತು ಒಣಗಿ ಮುಚ್ಚಿಕೊಳ್ಳಬೇಕು. ಹಸಿ ಕತ್ತಿನಿಂದಲೇ ಕೊಳೆ ಒಳಗೆ ಹೋಗುವುದು.

ಭಾವು ಚಾಳಿನೊಳಗೆ ಕೈ ಹಾಕಿ ಒಂದು ಗಡ್ಡೆ ತೆಗೆದು ಕತ್ತನ್ನು ಹೆಬ್ಬೆರಳಿನಿಂದ ಒತ್ತಿ ತೋರಿಸಿದ. ಗಟ್ಟಿ. ಇದು ದೀಪಾವಳಿಯವರೆಗೂ ಕಾಯುತ್ತದೆ ಎಂದ. ಪಕ್ಕದವನು ಗೊಬ್ಬರದ ಅಂಗಡಿಯ ಸಾಲಕ್ಕಾಗಿ ಏಪ್ರಿಲ್‌ನಲ್ಲೇ ಎಲ್ಲವನ್ನೂ ಲಾಸಲಗಾಂವ್ ಮಾರ್ಕೆಟ್ಟಿಗೆ ಒಯ್ದಿದ್ದ. ಕಾಯುವ ಭಾಗ್ಯ ಎಲ್ಲ ಈರುಳ್ಳಿಗೂ ಇರುವುದಿಲ್ಲ. 2023ರ ಡಿಸೆಂಬರ್ 8ರಂದು ಕೇಂದ್ರ ಸರ್ಕಾರ ಈರುಳ್ಳಿ ರಫ್ತು ನಿಲ್ಲಿಸಿತು. ಲಾಸಲಗಾಂವ್‌ನಲ್ಲಿ ದರ ಕುಸಿಯಿತು, ಹರಾಜು ನಿಂತಿತು, ರೈತರು ರಸ್ತೆಗಿಳಿದರು. ಆ ನಿಷೇಧ ತೆರವಾದದ್ದು ಮುಂದಿನ ಮೇ ತಿಂಗಳಲ್ಲಿ. ಆ ಡಿಸೆಂಬರ್‌ನಲ್ಲಿ ಹೊಡೆತ ಬಿದ್ದದ್ದು ಇಡಲಾಗದ ಮುಂಗಾರಿನ ಈರುಳ್ಳಿಗೆ. ಅದಕ್ಕೆ ಕಾಯುವ ಆಯ್ಕೆಯೇ ಇರಲಿಲ್ಲ.

ಅವತ್ತು ರಾತ್ರಿ ಹುಡುಗ ಕಾಗದ ತೆಗೆದು ಲೆಕ್ಕ ಹಾಕಿದ. ಮನೆ ಬಾಡಿಗೆ ಇಲ್ಲ, ಬೈಕಿನ ಸಾಲ ಇದೆ, ತಾಯಿಯ ಔಷಧ ಇದೆ, ಮೂರು ತಿಂಗಳ ಸಂಬಳ ಇದೆ, ಜೊತೆಗೆ ಅಷ್ಟಿಷ್ಟು ಉಳಿತಾಯ. ಎಂಟು ತಿಂಗಳು ಎಂದು ಬಂತು. “ನಾ ಉನ್ಹಾಳಿ, ಅಲ್ಲೇನು?” ಅಂದ. ಬಂದ ಮೇಲೆ ಮೊದಲ ಸಲ ನಕ್ಕದ್ದು. ಎಂಟು ತಿಂಗಳಿದೆ ಎಂದು ಗೊತ್ತಾದ ಮೇಲೆ ಅವನ ನಲವತ್ತು ಅರ್ಜಿ ದಿನಕ್ಕೆ ನಾಲ್ಕಕ್ಕೆ ಇಳಿದವು. ಒಂದು ಕೋರ್ಸು ಉಳಿಸಿಕೊಂಡು ಎರಡನ್ನು ಬಿಟ್ಟ. ಅವನ ಜೊತೆ ಕೆಲಸ ಕಳೆದುಕೊಂಡ ಇನ್ನೊಬ್ಬ ಹುಡುಗನಿಗೆ ಮನೆಯ ಸಾಲವಿತ್ತು, ಚಿಕ್ಕ ಮಗುವಿತ್ತು. ಅವನು ಅರ್ಧ ಸಂಬಳಕ್ಕೆ ಮೂರನೇ ವಾರವೇ ಸೇರಿಕೊಂಡ. ಅವನು ಮಾಡಿದ್ದೂ ಸರಿಯೇ. ಮುಂಗಾರಿನ ಈರುಳ್ಳಿಯನ್ನು ಚಾಳಿನಲ್ಲಿ ಇಡುವುದು ಧೈರ್ಯವಲ್ಲ.

ನೀರಿನ ಮಾತು ಬಿಟ್ಟು ಓಝರ್ ಬಗ್ಗೆ ಬರೆದರೆ ಊರಿನವರು ನನ್ನನ್ನು ಒಳಗೆ ಸೇರಿಸುವುದಿಲ್ಲ. ದಿಂಡೋರಿಯ ವಾಘಾಡ್ ಅಣೆಕಟ್ಟಿನ ನಾಲೆಯ ಕೊನೆಯ ತುದಿ ನಮ್ಮೂರು. ಮೇಲಿನವರು ಕುಡಿದು ಬಿಟ್ಟದ್ದು ಇಲ್ಲಿಗೆ ಬರಬೇಕು; ಬರುತ್ತಿರಲಿಲ್ಲ. ಇಲ್ಲಿಯ ಸಮಾಜ ಪರಿವರ್ತನ ಕೇಂದ್ರದ ಬಾಪು ಉಪಾಧ್ಯೆ ಮತ್ತು ಅವರ ಜೊತೆಗಾರರು ತೊಂಬತ್ತರ ದಶಕದ ಆರಂಭದಲ್ಲಿ ರೈತರ ನೀರು ಬಳಕೆ ಸಂಘಗಳನ್ನು ಕಟ್ಟಿ, ಸರ್ಕಾರದಿಂದ ಅಳತೆಯ ಲೆಕ್ಕದಲ್ಲಿ ನೀರು ಪಡೆದು ತಾವೇ ಹಂಚಿಕೊಳ್ಳತೊಡಗಿದರು. ಬಾಣಗಂಗಾ ಹೊಳೆಗೂ ಹಳ್ಳಗಳಿಗೂ ಅಡ್ಡಲಾಗಿ ಇರುವ ಬಾಂದಾರಗಳಲ್ಲಿ ನಾಲೆಯ ನೀರು ನಿಲ್ಲಿಸಿ ನೆಲಕ್ಕೆ ಇಂಗಿಸಿದರು, ಬಾವಿಗಳು ತುಂಬಿದವು. ನೀರು ಎಷ್ಟು ದಿನಕ್ಕೆ, ಎಷ್ಟು ಬರುತ್ತದೆ ಎಂದು ಖಾತ್ರಿಯಾದ ಮೇಲೆ ನಾಲೆಯ ಕೊನೆಯ ಎಷ್ಟೋ ರೈತರು ದ್ರಾಕ್ಷಿಯಂಥ ದುಬಾರಿ ಬೆಳೆಗೆ ಕೈ ಹಾಕಿದರು. ಬರುವ ನೀರು ಸಂಬಳ, ಇಂಗಿದ ನೀರು ಉಳಿತಾಯ ಎಂದು ನನ್ನ ಹೆಂಡತಿ ಹೇಳುತ್ತಾಳೆ. ನಾನು ಅವಳ ಮಾತನ್ನು ಕದ್ದು ಇಲ್ಲಿ ಹಾಕಿದ್ದೇನೆ.

ಆ ವರ್ಷ ನಾವು ತೋಟದಲ್ಲಿ ನಿಂತು ಮಾತಾಡಿದ್ದರ ಮೇಲೆಲ್ಲ ಮೋಡ ಕವಿಯಿತು, ಅಕ್ಷರಶಃ. 2025ರ ಮೇ ತಿಂಗಳಲ್ಲೇ ಮಹಾರಾಷ್ಟ್ರದಲ್ಲಿ ಮಳೆ ಹಿಡಿಯಿತು. ಜೂನ್ 11ಕ್ಕೆ ಮುಂಬೈಗೆ ಬರಬೇಕಾದ ಮುಂಗಾರು ಮೇ 26ಕ್ಕೇ ಬಂದು ಕೂತಿತು. ಗೊಂಚಲು ನಿರ್ಧಾರವಾಗಬೇಕಾದ ದಿನಗಳಲ್ಲಿ ಸೂರ್ಯನಿಲ್ಲ. ಭಾವು ಚಿವುಟುವುದನ್ನು ಚಿವುಟಿದ್ದ, ಕಟ್ಟುವುದನ್ನು ಕಟ್ಟಿದ್ದ. ಎಲ್ಲ ಸರಿಯಾಗಿ ಮಾಡಿಯೂ ಆಕಾಶ ನೋಡುತ್ತ ಕೂತ. ಸೆಪ್ಟೆಂಬರ್‌ನಲ್ಲಿ ಕೆಲವು ಕಡ್ಡಿಗಳನ್ನು ಕತ್ತರಿಸಿ ಕಣ್ಣು ತಪಾಸಣೆಗೆ ಲ್ಯಾಬಿಗೆ ಕೊಟ್ಟ. ಅಲ್ಲಿ ಪ್ರತಿ ಕಣ್ಣನ್ನೂ ಬ್ಲೇಡಿನಿಂದ ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ: ಎಷ್ಟನೆಯ ಕಣ್ಣಿನಲ್ಲಿ ಗೊಂಚಲಿದೆ, ಎಷ್ಟನೆಯದರಲ್ಲಿ ಬರೀ ಕುಡಿ ಇದೆ. ಅದನ್ನು ನೋಡಿ ಅಕ್ಟೋಬರ್‌ನಲ್ಲಿ ಎಲ್ಲಿ ಕತ್ತರಿಸಬೇಕೆಂದು ತೀರ್ಮಾನ. ಭಾವೂನ ವರದಿಯಲ್ಲಿ ಅರ್ಧಕ್ಕರ್ಧ ಕುಡಿ. ಪ್ರತಿವರ್ಷಕ್ಕಿಂತ ಎರಡು ಕಣ್ಣು ಮುಂದಕ್ಕೆ ಬಿಟ್ಟು ಕತ್ತರಿಸಿದ. ಎಲ್ಲ ಕಡ್ಡಿಗೂ ಒಂದೇ ಅಳತೆ ಹಾಕಲಿಲ್ಲ.

ಸೀಳಿದ ಕಣ್ಣಿನ ಚಿತ್ರವನ್ನು ಹುಡುಗ ಬಹಳ ಹೊತ್ತು ನೋಡಿದ. ಆಮೇಲೆ ತನ್ನ ಆರು ವರ್ಷದ ಕೆಲಸವನ್ನು ಪ್ರಾಜೆಕ್ಟ್ ಪ್ರಾಜೆಕ್ಟಾಗಿ ಬರೆದು ಪಕ್ಕದಲ್ಲಿ ಗುರುತು ಹಾಕತೊಡಗಿದ. ಯಾವುದರಲ್ಲಿ ತಾನೇ ಏನಾದರೂ ಕಟ್ಟಿದ್ದೆ, ಯಾವುದರಲ್ಲಿ ಬರೀ ತಂತಿ ಸುತ್ತಿಕೊಂಡಿದ್ದೆ ಎಂದು. ಮೂರು ವರ್ಷ ಅವನು ಒಂದು ಗೋದಾಮಿನ ಸರಕಿನ ಲೆಕ್ಕದ ಸಾಫ್ಟ್‌ವೇರಿನ ಮೇಲೆ ಕೆಲಸ ಮಾಡಿದ್ದ. ಅದನ್ನು ಅವನು ತನ್ನ ಬಯೋಡೇಟಾದ ಕೊನೆಗೆ, ನಾಚಿಕೊಂಡವನಂತೆ, ಒಂದು ಸಾಲಿನಲ್ಲಿ ಹಾಕಿದ್ದ.

ಚಾಟ್ನಿ ನಡೆಯುತ್ತಿರುವಾಗಲೇ ಅಕ್ಟೋಬರ್ 17 ಬಂತು. ಆ ದಿನ ರಕ್ಷಣಾ ಮಂತ್ರಿ ರಾಜನಾಥ್ ಸಿಂಗ್ ಓಝರ್‌ಗೆ ಬಂದು ತೇಜಸ್‌ನ ಮೂರನೆಯ ಉತ್ಪಾದನಾ ಸಾಲನ್ನೂ ತರಬೇತಿ ವಿಮಾನ ಎಚ್‌ಟಿಟಿ-40ರ ಎರಡನೆಯ ಸಾಲನ್ನೂ ಉದ್ಘಾಟಿಸಿದರು. ಇಲ್ಲಿ ಕಟ್ಟಿದ ಮೊದಲ ತೇಜಸ್ ಮಾರ್ಕ್-1ಎ ಹಾರಿತು. ಮೂರು ವಾರ ಹಿಂದೆ, ಸೆಪ್ಟೆಂಬರ್ 26ಕ್ಕೆ, ಚಂಡೀಗಢದಲ್ಲಿ ಮಿಗ್-21ಕ್ಕೆ ವಿದಾಯ ಹೇಳಿದ್ದನ್ನು ಟಿವಿಯಲ್ಲಿ ನೋಡಿ ನಾನು ಊಟ ಬಿಟ್ಟಿದ್ದೆ. ತೇಜಸ್ ತೋಟದ ಮೇಲೆ ತಿರುವು ತೆಗೆದುಕೊಂಡಾಗ ಏಣಿಯ ಮೇಲಿದ್ದ ಕೂಲಿ ಹೆಂಗಸರು ಕತ್ತರಿ ಹಿಡಿದೇ ತಲೆಯೆತ್ತಿದರು. ಭಾವು ಎತ್ತಲಿಲ್ಲ. ಅವನು ಕಣ್ಣು ಎಣಿಸುತ್ತಿದ್ದ.

ಡಿಸೆಂಬರ್‌ನಲ್ಲಿ ಹುಡುಗ ಹೊರಟ. ಹುಬ್ಬಳ್ಳಿಯಲ್ಲಿ ಕೃಷಿ ಉತ್ಪನ್ನದ ಗೋದಾಮುಗಳಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡುವ ಒಂದು ಪುಟ್ಟ ಸಂಸ್ಥೆ. ಪುಣೆಯ ಸಂಬಳದ ಮೂರನೇ ಎರಡರಷ್ಟು. ಒಂದು ವರ್ಷದ ಕರಾರು, ಆಮೇಲೆ ಏನೋ ಗೊತ್ತಿಲ್ಲ. ಹೊರಡುವ ಮೊದಲ ಭಾನುವಾರ ಅವನನ್ನು ನಾಂದೂರ್ ಮಧಮೇಶ್ವರಕ್ಕೆ ಕರೆದೊಯ್ದೆ. ಗೋದಾವರಿ, ಕಾದವಾ ನದಿಗಳು ಕೂಡುವಲ್ಲಿ ಬ್ರಿಟಿಷರ ಕಾಲದಲ್ಲಿ ಕಟ್ಟಿದ ಒಂದು ಒಡ್ಡು ಇದೆ. ನೀರು ನಿಲ್ಲಿಸಿ ನಾಲೆಗೆ ತಿರುಗಿಸಲೆಂದು ಕಟ್ಟಿದ್ದು. ವರ್ಷಗಳು ಕಳೆದಂತೆ ಹೂಳು ತುಂಬಿತು, ನೀರು ಹಿಡಿಯುವ ಶಕ್ತಿ ಕುಗ್ಗಿತು. ಎಂಜಿನಿಯರ್ ದೃಷ್ಟಿಯಲ್ಲಿ ಇದು ಸೋಲು. ಆದರೆ ಆ ಹೂಳೇ ದ್ವೀಪವಾಯಿತು, ಜವುಗಾಯಿತು, ಜೊಂಡು ಬೆಳೆಯಿತು, ಹಕ್ಕಿಗಳು ಬಂದವು. 1986ರಲ್ಲಿ ಪಕ್ಷಿಧಾಮ, 2020ರಲ್ಲಿ ಘೋಷಣೆಯಾದ ಮಹಾರಾಷ್ಟ್ರದ ಮೊದಲ ರಾಮ್ಸರ್ ತಾಣ, ಅಂದರೆ ಜಗತ್ತೇ ಗುರುತಿಸಿದ ಜವುಗು ನೆಲ.

ಚಾಪಡ್‌ಗಾಂವ್ ಕಡೆಯ ಗೋಪುರದ ಮೇಲೆ ಬೆಳಗಿನ ಚಳಿಯಲ್ಲಿ ನಿಂತೆವು. ಕೆಳಗೆ ಒಂದೇ ಕೊಳದಲ್ಲಿ ಹತ್ತು ಜಾತಿ. ಸೂಜಿಬಾಲದ ಬಾತು ತಲೆ ಕೆಳಗೆ ಮಾಡಿ ಬಾಲ ಮೇಲೆತ್ತಿ ತಳದ ಕೆಸರು ಕೆದಕುತ್ತಿತ್ತು. ಸಲಿಕೆಕೊಕ್ಕಿನ ಬಾತು ಮೇಲ್ನೀರನ್ನು ಜರಡಿ ಹಿಡಿಯುತ್ತ ಸುತ್ತುತ್ತಿತ್ತು. ಚಮಚಕೊಕ್ಕಿನ ಹಕ್ಕಿ ಮೊಣಕಾಲು ನೀರಿನಲ್ಲಿ ಕೊಕ್ಕನ್ನು ಅತ್ತಿತ್ತ ಬೀಸುತ್ತ ನಡೆಯುತ್ತಿತ್ತು. ನೇರಳೆ ಜಂಬುಕೋಳಿಗಳು ಜೊಂಡಿನಲ್ಲೇ. ಅವು ವರ್ಷವಿಡೀ ಇಲ್ಲಿಯವೇ. ಯಾವುದೂ ಇನ್ನೊಂದರ ತುತ್ತಿಗೆ ಬಾಯಿ ಹಾಕುತ್ತಿರಲಿಲ್ಲ. ದೂರದ ದಡದಲ್ಲಿ, ತಲೆಯ ಹಿಂಭಾಗಕ್ಕೆ ಎರಡು ಕಪ್ಪು ಪಟ್ಟೆಯಿರುವ ಹೆಬ್ಬಾತುಗಳ ಸಣ್ಣ ಗುಂಪು ಬಿಸಿಲು ಕಾಯುತ್ತಿತ್ತು. ಮಧ್ಯ ಏಷ್ಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತು. ಹುಡುಗನಿಗೆ ನಾನು ಹೇಳಿದ್ದು ಒಂದೇ: ಇವು ನೀನು ಹೋಗುವ ಕಡೆ, ಗದಗ ಜಿಲ್ಲೆಯ ಮಾಗಡಿ ಕೆರೆಗೂ ಬರುತ್ತವೆ, ಹಗಲು ಕೆರೆಯಲ್ಲಿ ಕೂತು ಕತ್ತಲಲ್ಲಿ ಸುತ್ತಲಿನ ಹೊಲಗಳಲ್ಲಿ ಮೇಯುತ್ತವೆ, ಹುಬ್ಬಳ್ಳಿಯಿಂದ ದೂರವೇನಿಲ್ಲ.

ಫೆಬ್ರವರಿಯ ಒಂದು ಮುಂಜಾನೆ ಫೋಟೊ ಬಂತು. ಮಾಗಡಿ ಕೆರೆ, ನೀರಿನ ತುಂಬ ಹೆಬ್ಬಾತು, ನಮ್ಮಲ್ಲಿ ಕಂಡದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು. ಕೆಳಗೆ ಬರೆದಿದ್ದ: “ಇವು ನಿಮ್ಮ ಕಡೀವೋ, ನಮ್ಮ ಕಡೀವೋ? ಭಾವೂನ ಪೆಟ್ಟಿಗಿ ಎಷ್ಟಾದವು?”

ಭಾವು ಅಂಗಳದಲ್ಲೇ ಇದ್ದ. ಕೇಳಿದೆ. ಹೋದ ವರ್ಷದ ಅರ್ಧಕ್ಕಿಂತ ತುಸು ಮೇಲೆ ಎಂದ. ದರ ಪರವಾಗಿಲ್ಲ, ಎಲ್ಲರದ್ದೂ ಕಡಿಮೆಯಲ್ಲವೇ. ಅವನ ಟ್ರ್ಯಾಕ್ಟರಿನ ಹಿಂದೆ ಸೆಗಣಿ ಗೊಬ್ಬರ ತುಂಬಿದ ಟ್ರಾಲಿ ನಿಂತಿತ್ತು. ಏಪ್ರಿಲ್ ಚಾಟ್ನಿಗೆ ಮೊದಲು ಸಾಲಿಗೆ ಹಾಕಲು ಈಗಲೇ ತಂದಿದ್ದ. ಆಮೇಲೆ ದರ ಏರುತ್ತದಂತೆ.